ಇಷಯ ಕಟ್ಟಿಕೊಟ್ಟ ಬುತ್ತಿ

(ಮುತ್ತತ್ತಿಯಲ್ಲಿ ನಡೆದ ಯುವಜನರ ಒಂದು ದಿನದ ಕೂಟದಲ್ಲಿ ಪಾಸ್ಟರ್ ಕೊಟ್ಟ ಸಂದೇಶದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ. ವಾಕ್ಯಭಾಗ: 1 ಸಮುವೇಲ 17:12-30)

 

ಸಂದೇಶವನ್ನ ಊಟಕ್ಕೆ ಮುಂಚೆಯೇ ಮುಗಿಸ್ತೀನಿ, ಹೆದರಬೇಡಿ. ಇವತ್ತಿನ ವಾಕ್ಯದಲ್ಲೂ ಊಟದ ವಿಷಯವೇ ಇದೆ. ಅದಕ್ಕೂ ಮೊದಲು ಎರಡು ಮಾತು. ಒಂದು, ಯಾರೂ ನೀರಿಗೆ ಇಳಿಯಬೇಡಿ. ಇಲ್ಲಿ ಕಾವೇರಿ ಮೇಲೆ ತಣ್ಣಗೆ ಕಾಣ್ತಾಳೆ, ಒಳಗೆ ಬಂಡೆ, ಸುಳಿ ಎಲ್ಲಾ ಇವೆ. ಮುತ್ತತ್ತಿಗೆ ಪಿಕ್‌ನಿಕ್ ಅಂತ ಬಂದು ವಾಪಸ್ ಹೋಗದೇ ಇರೋರಲ್ಲಿ ಬಹಳ ಜನ ನಿಮ್ಮ ವಯಸ್ಸಿನೋರೇ. ಎರಡನೆಯದು, ಬರುವಾಗ ಕನಕಪುರ, ಸಾತನೂರು ದಾರಿಯಲ್ಲಿ ಬಂದೆವು. ಸಂಜೆ ಹೋಗುವಾಗ ಹಲಗೂರು, ಮಳವಳ್ಳಿ, ಮದ್ದೂರು ಮೇಲೆ ಹೋಗೋಣ ಅಂತ ಡ್ರೈವರ್ ಅಣ್ಣನಿಗೆ ಹೇಳಿದ್ದೇನೆ. ಯಾಕೆ ಪಾಸ್ಟರ್ ಸುತ್ತು ದಾರಿ ಅಂತ ಆಗಲೇ ಇಬ್ಬರು ಕೇಳಿದ್ರು. ಹೇಳ್ತೀನಿ.

ಕಾಡಿನೊಳಗೆ ಬಂದಾಗಿನಿಂದ ನಿಮ್ಮ ಫೋನ್‌ಗಳಿಗೆ ಸಿಗ್ನಲ್ ಸರಿಯಾಗಿ ಸಿಗ್ತಿಲ್ಲ, ಅಲ್ವಾ? ಬೆಳಿಗ್ಗೆ ಒಬ್ಬ ಬ್ರದರ್ ಬಂಡೆ ಮೇಲೆ ನಿಂತು ಕೈ ಎತ್ತಿ ಹಿಡ್ಕೊಂಡಿದ್ದ. ಆರಾಧನೆ ಮಾಡ್ತಿದ್ದಾನೆ, ಕರ್ತನಿಗೆ ಸ್ತೋತ್ರ ಅಂದ್ಕೊಂಡೆ. ಹತ್ರ ಹೋದ್ರೆ ನೆಟ್‌ವರ್ಕ್ ಹುಡುಕ್ತಿದ್ದ. "ಬಂದು ತಲುಪಿದ್ವಿ ಅಂತ ಅಮ್ಮಂಗೆ ಹೇಳ್ಬೇಕಿತ್ತು ಪಾಸ್ಟರ್" ಅಂದ. ಒಳ್ಳೆ ಮಗ. ಮನೆಯವರ ಜೊತೆ ನಾಲ್ಕು ಗಂಟೆ ಮಾತಿಲ್ಲ ಅನ್ನೋದಕ್ಕೇ ನಮಗೆ ಇಷ್ಟು ತಳಮಳ. ವಾರಗಟ್ಟಲೆ ಹೀಗೇ ಇರುವ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ನಮ್ಮ ಊರುಗಳಲ್ಲೇ ಹುಟ್ಟಿದವರಿದ್ದಾರೆ. ಸೈನ್ಯದಲ್ಲಿ, ಗಡಿ ಕಾಯುವ ಪಡೆಗಳಲ್ಲಿ ಇರುವವರು. ಅವರಿಗೆ ನಾವು ಏನು ಮಾಡಬಹುದು ಅನ್ನೋದೇ ಇವತ್ತಿನ ವಿಷಯ. ದೊಡ್ಡ ಸಂಗತಿ ಏನೂ ಹೇಳಲ್ಲ. ಬುತ್ತಿ ಕಟ್ಟೋ ಮಟ್ಟದ ಸಂಗತಿ.

1 ಸಮುವೇಲ 17 ಅಂದ ತಕ್ಷಣ ನೀವೆಲ್ಲಾ ಗೊಲ್ಯಾತ ಅಂತೀರಿ. ಸಂಡೇ ಸ್ಕೂಲಿನಿಂದ ಕವಣೆ, ಐದು ಕಲ್ಲು ಅಂತಲೇ ಕೇಳಿದ್ದೀವಿ. ಆದರೆ ದಾವೀದ ಆ ಏಲಾ ತಗ್ಗಿಗೆ ಹೋಗಿದ್ದು ಯಾಕೆ? ಯುದ್ಧ ಮಾಡೋಕಾ? ಅಲ್ಲವೇ ಅಲ್ಲ. 17ನೇ ವಚನ ನೋಡಿ. ಅವರಪ್ಪ ಇಷಯ ಮುದುಕ. ಎಂಟು ಗಂಡು ಮಕ್ಕಳು. ದೊಡ್ಡವರು ಮೂವರು, ಎಲೀಯಾಬ, ಅಬೀನಾದಾಬ, ಶಮ್ಮ, ಸೌಲನ ದಂಡಿಗೆ ಹೋಗಿದ್ದಾರೆ. ಅಪ್ಪ ಕಿರಿಯವನನ್ನ ಕರೆದು ಹುರಿದ ಧಾನ್ಯ ಒಂದು ಏಫಾ, ರೊಟ್ಟಿ ಹತ್ತು ನಿನ್ನ ಅಣ್ಣಂದಿರಿಗೆ ಬೇಗ ತಗೊಂಡು ಹೋಗು ಅಂತಾನೆ. ಅವರ ಸಹಸ್ರಾಧಿಪತಿಗೆ ಅಂತ ಹತ್ತು ಗಿಣ್ಣಿನ ಉಂಡೆ ಬೇರೆ. ಅಪ್ಪಂದಿರ ಬುದ್ಧಿ ನೋಡಿ, ಮಕ್ಕಳ ಮೇಲಿನ ಆಫೀಸರ್‌ಗೂ ಒಂದು ಪೊಟ್ಟಣ! ಮೂರು ಸಾವಿರ ವರ್ಷದಿಂದ ಅದೇನೂ ಬದಲಾಗಿಲ್ಲ.

ಏಫಾ ಅಂದ್ರೆ ಸುಮಾರು 22 ಲೀಟರ್ ಹಿಡಿಯೋ ಅಳತೆ. ಕುಡಿಯೋ ನೀರಿನ ದೊಡ್ಡ ಕ್ಯಾನ್ ಇದೆಯಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ. ಬೇತ್ಲೆಹೇಮಿನಿಂದ ಏಲಾ ತಗ್ಗಿಗೆ 20 ಕಿಲೋಮೀಟರ್ ಮೇಲೆಯೇ ಆಗುತ್ತೆ, ಬೆಟ್ಟ ಇಳಿಯೋ ದಾರಿ. ಅಷ್ಟು ಭಾರ ಹೊತ್ತುಕೊಂಡು ಹಲಗೂರಿನಿಂದ ಇಲ್ಲಿಗೆ ಕಾಡೊಳಗೆ ನಡ್ಕೊಂಡು ಬರೋದನ್ನ ಯೋಚಿಸಿ. ಕತ್ತೆ ಇತ್ತೋ ಇಲ್ಲವೋ ವಾಕ್ಯ ಹೇಳಲ್ಲ. ಬೆಳಿಗ್ಗೆ ಬೇಗ ಎದ್ದ, ಕುರಿಗಳನ್ನ ಒಬ್ಬ ಕಾವಲುಗಾರನ ಕೈಗೆ ಒಪ್ಪಿಸಿದ, ಹೊತ್ತುಕೊಂಡು ಹೊರಟ ಅಂತ 20ನೇ ವಚನ ಹೇಳುತ್ತೆ.

ಹುರಿದ ಧಾನ್ಯ ಅಂದ್ರೆ ನಮ್ಮ ಮಂಡ್ಯ ಸೀಮೆಯವರಿಗೆ ವಿವರಣೆ ಬೇಕಿಲ್ಲ. ಹುರಿಹಿಟ್ಟು! ರಾಗಿ ಹುರಿದು ಬೀಸಿದ ಹಿಟ್ಟು. ಬೆಲ್ಲ, ಕಾಯಿತುರಿ, ಇದ್ರೆ ಒಂದು ಲೋಟ ಹಾಲು. ಒಲೆ ಬೇಡ, ಬೇಗ ಕೆಡಲ್ಲ. ರಜೆ ಮುಗಿಸಿ ಹೊರಟ ಮಗನ ಟ್ರಂಕಿಗೆ ಮಳವಳ್ಳಿ, ಮದ್ದೂರು ಕಡೆಯ ತಾಯಂದಿರು ಏನು ತುಂಬ್ತಾರೆ? ಹುರಿಹಿಟ್ಟು, ನಿಪ್ಪಟ್ಟು, ಕೋಡುಬಳೆ, ಉಪ್ಪಿನಕಾಯಿ. ಇಷಯ ಕಟ್ಟಿದ್ದೂ ಅದನ್ನೇ. ಕೆಡದೇ ಇರೋದು, ನಡುದಾರಿಯಲ್ಲಿ ತಿನ್ನಬಹುದಾದ್ದು.

ಆದರೆ ಇಷಯ ಬುತ್ತಿಯ ಜೊತೆ ಎರಡು ಕೆಲಸ ಹೇಳಿದ್ದಾನೆ, 18ನೇ ವಚನದ ಕೊನೇಲಿ. ಅಣ್ಣಂದಿರು ಕ್ಷೇಮವಾಗಿದ್ದಾರಾ ನೋಡು. ಅವರಿಂದ ಏನಾದ್ರೂ ಒಂದು ಗುರುತು ತಗೊಂಡು ಬಾ. ಅಂದ್ರೆ ನೀನು ನಿಜವಾಗ್ಲೂ ಅವರ ಮುಖ ನೋಡಿದ್ದೀಯ, ಮಾತಾಡ್ಸಿದ್ದೀಯ ಅನ್ನೋದಕ್ಕೆ ಸಾಕ್ಷಿ. ಆ ವಯಸ್ಸಾದ ಅಪ್ಪನಿಗೆ ಬೇಕಾಗಿದ್ದಿದ್ದು ಯುದ್ಧದ ಸುದ್ದಿ ಅಲ್ಲ, ಯಾರು ಗೆಲ್ತಿದ್ದಾರೆ ಅನ್ನೋದೂ ಅಲ್ಲ. ನನ್ನ ಮಕ್ಕಳು ಹೇಗಿದ್ದಾರೆ? ಅಷ್ಟೇ. ದಾವೀದನೂ ಹೋದ ತಕ್ಷಣ ಸಾಮಾನು ಕಾಯುವವನ ಹತ್ರ ಗಂಟು ಇಳಿಸಿ, ದಂಡಿನೊಳಗೆ ಓಡಿ, ಅಣ್ಣಂದಿರ ಕ್ಷೇಮ ವಿಚಾರಿಸಿದ. ಮೂಲ ಇಬ್ರಿಯ ಭಾಷೆಯಲ್ಲಿ ಅಲ್ಲಿರೋ ಪದ ಶಾಲೋಮ್. ಈ ಪದ ನೆನಪಿಟ್ಟುಕೊಳ್ಳಿ, ಇನ್ನೊಂದು ಸಲ ಬರುತ್ತೆ.

ಈಗ ಸುತ್ತು ದಾರಿಯ ವಿಷಯ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ ಕೆ.ಎಂ. ದೊಡ್ಡಿ ಸಿಗುತ್ತೆ. ಆ ಕಡೆಯಲ್ಲೇ ಗುಡಿಗೆರೆ ಅಂತ ಊರು. 2019ರ ಫೆಬ್ರವರಿ 14, ಗುರುವಾರ. ನಿಮ್ಮಲ್ಲಿ ಕೆಲವರು ಆಗ ಸ್ಕೂಲಲ್ಲಿ ಇದ್ದಿರಿ. ವ್ಯಾಲೆಂಟೈನ್ಸ್ ಡೇ ಅಂತ ಬೆಂಗಳೂರಲ್ಲಿ ಗುಲಾಬಿ ಮಾರಾಟ ಆಗ್ತಿತ್ತು. ಆ ಮಧ್ಯಾಹ್ನ ಜಮ್ಮುವಿನಿಂದ ಶ್ರೀನಗರಕ್ಕೆ 78 ವಾಹನಗಳ ಸಾಲಿನಲ್ಲಿ 2,500ಕ್ಕೂ ಹೆಚ್ಚು ಸಿಆರ್‌ಪಿಎಫ್ ಸಿಬ್ಬಂದಿ ಹೋಗ್ತಿದ್ರು. ಪುಲ್ವಾಮಾ ಜಿಲ್ಲೆಯ ಲೆತ್‌ಪೋರಾ ಹತ್ತಿರ ಸ್ಫೋಟಕ ತುಂಬಿದ ಕಾರು ಒಂದು ಬಸ್ಸಿಗೆ ಬಂದು ಗುದ್ದಿತು. 40 ಮಂದಿ ಸತ್ತರು. ಅವರಲ್ಲಿ ಒಬ್ಬ ಗುಡಿಗೆರೆಯ ಎಚ್. ಗುರು. 33 ವರ್ಷ. ಊರಲ್ಲಿ ರಜೆ ಮುಗಿಸಿ ಹೋಗಿ ಇನ್ನೂ ವಾರ ಆಗಿರಲಿಲ್ಲ.

ಆ ಬಸ್ಸುಗಳಲ್ಲಿ ಬಹಳ ಮಂದಿ ಹಾಗೇ, ರಜೆ ಮುಗಿಸಿಕೊಂಡು ಡ್ಯೂಟಿಗೆ ಮರಳುತ್ತಿದ್ದವರು. ಹಿಮ ಬಿದ್ದು ಹೆದ್ದಾರಿ ಮುಚ್ಚಿದ್ದರಿಂದ ಜಮ್ಮುವಿನಲ್ಲಿ ಕಾದಿದ್ದು ಒಟ್ಟಿಗೆ ಹೊರಟಿದ್ರು. ಎಷ್ಟು ಬ್ಯಾಗಿನಲ್ಲಿ ಮನೆಯ ತಿಂಡಿ ಇತ್ತೋ, ಎಷ್ಟು ಜನ ಅದನ್ನ ಗೆಳೆಯರ ಜೊತೆ ಹಂಚ್ಕೊಳ್ಳೋಣ ಅಂತ ಇಟ್ಕೊಂಡಿದ್ರೋ ಅಂತ ನನಗೆ ಆಗಾಗ ಅನ್ನಿಸುತ್ತೆ.

ಎರಡು ದಿನ ಆದ ಮೇಲೆ, 16ನೇ ತಾರೀಕು, ಮೆಳ್ಳಹಳ್ಳಿಯಲ್ಲಿ ರಸ್ತೆ ಪಕ್ಕದ ಜಾಗದಲ್ಲಿ ಗುರು ಅವರ ಅಂತ್ಯಸಂಸ್ಕಾರ ಆಯ್ತು. ಮಂಡ್ಯ ಜಿಲ್ಲೆಯೇ ಅಲ್ಲಿಗೆ ಬಂತು ಅನ್ನಬಹುದು. ಮುಖ್ಯಮಂತ್ರಿ ಬಂದ್ರು, ಮಂತ್ರಿಗಳು ಬಂದ್ರು, ಜಮೀನು ಕೊಡ್ತೀವಿ ಅಂದೋರು ಇದ್ರು, ಹಣ ಕೊಟ್ಟೋರು ಇದ್ರು. ಬೆಂಗಳೂರಿನಲ್ಲಿ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಫೋಟೋ. ಅದನ್ನ ನಾನು ತಪ್ಪು ಅನ್ನಲ್ಲ. ದುಃಖದಲ್ಲಿರೋರ ಸಂಗಡ ದುಃಖಪಡೋದು ರೋಮಾಪುರದವರಿಗೆ 12ರಲ್ಲಿ ನಮಗೆ ಹೇಳಿರೋ ಕೆಲಸವೇ. ಮಂಡ್ಯದ ಜನಕ್ಕೆ ಅದನ್ನ ಯಾರೂ ಕಲಿಸಬೇಕಾಗಿಲ್ಲ.

ನನ್ನ ಪ್ರಶ್ನೆ ಬೇರೆ. ಫೆಬ್ರವರಿ ಮೊದಲ ವಾರ, ಅದೇ ಮನುಷ್ಯ ಬದುಕಿದ್ದಾಗ, ರಜೆಯಲ್ಲಿ ಊರಲ್ಲಿದ್ದಾಗ, ಬೆಂಗಳೂರಿನ ಬಸ್ ಸ್ಟ್ಯಾಂಡ್‌ನಲ್ಲೋ ರೈಲಿನಲ್ಲೋ ನಿಮ್ಮ ಪಕ್ಕದಲ್ಲಿ ನಿಂತಿದ್ರೆ ನೀವು ಏನು ಮಾಡ್ತಿದ್ರಿ? ಹೆಸರು ಕೇಳ್ತಿದ್ರಾ? ಸೀಟು ಬಿಡ್ತಿದ್ರಾ? ಕಿವಿಯಿಂದ ಇಯರ್‌ಫೋನ್ ತೆಗೀತಿದ್ರಾ?

(ಸಿಆರ್‌ಪಿಎಫ್ ಅಂದ್ರೆ ಸೈನ್ಯ ಅಲ್ಲ ಪಾಸ್ಟರ್, ಅದು ಗೃಹ ಸಚಿವಾಲಯದ ಕೆಳಗೆ ಬರುತ್ತೆ ಅಂತ ಐಎಎಸ್ ಓದ್ತಿರೋ ನಮ್ಮ ಸಿಸ್ಟರ್ ಆಗಲೇ ಮನಸ್ಸಲ್ಲಿ ಹೇಳ್ತಿರ್ತಾರೆ. ಸರಿ ಸಿಸ್ಟರ್, ನೀವು ಹೇಳೋದು ಸರಿ. ನಮ್ಮ ಹಳ್ಳೀಲಿ ಎಲ್ಲದಕ್ಕೂ ಒಂದೇ ಹೆಸರು: "ಮಿಲಿಟ್ರಿ". ನಾನೂ ಇವತ್ತು ಹಾಗೇ ಮಾತಾಡ್ತೀನಿ.)

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಂ ಪೋಸ್ಟ್ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಮಂದಿ ಹೂತುಹೋದರು. ಆ ಹತ್ತರಲ್ಲಿ ಮೂವರು ನಮ್ಮ ರಾಜ್ಯದವರು, ಧಾರವಾಡ, ಹಾಸನ, ಮೈಸೂರು ಜಿಲ್ಲೆಯವರು. ಆರು ದಿನ ಆದ ಮೇಲೆ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಿದ್ರು. ದೇಶವೆಲ್ಲಾ ಪ್ರಾರ್ಥನೆ ಮಾಡ್ತು. ನಮ್ಮ ಸಭೆಗಳಲ್ಲೂ ಉಪವಾಸ ಪ್ರಾರ್ಥನೆ ಮಾಡಿದ್ರು. ಮುಖ ನೋಡದೇ ಇದ್ದ ಜನ ಫೋನ್ ಮಾಡಿ ನನ್ನ ಕಿಡ್ನಿ ತಗೊಳ್ಳಿ ಅಂದ್ರು. 11ನೇ ತಾರೀಕು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡ್ರು. ಕಿಡ್ನಿ ಕೊಡ್ತೀನಿ ಅಂದವರ ಹೃದಯ ದೊಡ್ಡದು, ಸಂಶಯ ಇಲ್ಲ. ಆದ್ರೆ ಫೆಬ್ರವರಿ 12ರಂದೂ ಆ ಹಿಮದಲ್ಲಿ ಬೇರೆ ಪೋಸ್ಟ್‌ಗಳಲ್ಲಿ ಹುಡುಗರು ನಿಂತೇ ಇದ್ರು. ಇವತ್ತೂ ನಿಂತಿದ್ದಾರೆ. ಅವರಿಗೆ ಯಾರ ಕಿಡ್ನಿಯೂ ಬೇಡ. ಅವರ ಮನೆಗೆ ಗ್ಯಾಸ್ ಸಿಲಿಂಡರ್ ಎತ್ತಿಡೋ ಕೈ ಬೇಕು.

ಬೇರೊಂದು ಊರಿನ ಸಭೆಯಲ್ಲಿ ಒಬ್ಬ ಸಹೋದರಿ ಇದ್ರು. ಯಜಮಾನರು ಸೈನ್ಯದಲ್ಲಿ, ಫೀಲ್ಡ್ ಪೋಸ್ಟಿಂಗ್. ಕುಟುಂಬ ಕರ್ಕೊಂಡು ಹೋಗೋ ಹಾಗಿಲ್ಲ. ಎರಡು ಚಿಕ್ಕ ಮಕ್ಕಳು. ಒಂದು ಕಾಟೇಜ್ ಮೀಟಿಂಗ್‌ನಲ್ಲಿ ಪ್ರಾರ್ಥನಾ ವಿಷಯ ಹೇಳಿ ಅಂದಾಗ ಆ ತಂಗಿ ಅಳಲಿಲ್ಲ, ಏನಿಲ್ಲ, ಸಾದಾ ಮಾತಲ್ಲಿ ಹೇಳಿದ್ರು: "ನಮ್ಮೆಜಮಾನ್ರಿಗೆ ಏನಾದ್ರೂ ಆದ್ರೆ ಊರೆಲ್ಲಾ ನಮ್ಮನೆ ಮುಂದೆ ಬಂದು ನಿಲ್ಲುತ್ತೆ, ನಂಗೊತ್ತು. ಅವರು ಚೆನ್ನಾಗಿದ್ದಾರೆ. ಚೆನ್ನಾಗಿರೋವಾಗ್ಲೇ ನಂಗೆ ಸೋಮವಾರ ದೊಡ್ಡವನನ್ನ ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋರು ಒಬ್ರು ಬೇಕು. ಚಿಕ್ಕದಕ್ಕೆ ಜ್ವರ."

ಸ್ವಲ್ಪ ಹೊತ್ತು ಎಲ್ಲರೂ ಸುಮ್ನಿದ್ರು. ಆಮೇಲೆ ಒಬ್ಬ ಹುಡುಗ, ಡಿಪ್ಲೊಮಾ ಓದ್ತಿದ್ದ, ಹಳೇ ಸ್ಕೂಟರ್ ಒಂದಿತ್ತು, "ಅಕ್ಕ, ನಂಗೆ ಸೋಮವಾರ ಬೆಳಿಗ್ಗೆ ಕ್ಲಾಸ್ ಇಲ್ಲ" ಅಂದ. ಅವತ್ತಿಂದ ಎರಡು ವರ್ಷ, ಯಜಮಾನರು ಪೋಸ್ಟಿಂಗ್ ಮುಗಿಸಿ ಬರೋ ತನಕ, ಆ ಮನೆಗೆ ವಾರಕ್ಕೊಂದು ಸಲ ಹೋಗ್ತಿದ್ದ. ಹೋಮ್‌ವರ್ಕ್ ಮಾಡಿಸೋದು, ಕರೆಂಟ್ ಬಿಲ್ ಕಟ್ಟೋದು. ಒಬ್ಬನೇ ಹೋಗೋದು ಚೆನ್ನಾಗಿರಲ್ಲ ಅಂತ ತನ್ನ ತಂಗಿಯನ್ನೂ ಕರ್ಕೊಂಡು ಹೋಗ್ತಿದ್ದ, ಅಷ್ಟು ವಿವೇಕ ಇತ್ತು ಹುಡುಗನಿಗೆ. ಇದನ್ನ ಯಾರೂ ವೇದಿಕೆ ಮೇಲೆ ಕರೆದು ಶಾಲು ಹೊದಿಸಿ ಹೇಳಲಿಲ್ಲ. ಆ ಮನೆಯ ದೊಡ್ಡ ಮಗ ಗಣಿತದಲ್ಲಿ ಪಾಸಾದ, ಅದು ಗೊತ್ತು.

ಇಷಯ ಕೇಳಿದ ಆ ಗುರುತು ಇದೇ ಅಲ್ವಾ, ಪ್ರಿಯರೇ? ಹೋಗಿ ನೋಡಿದ್ದೀಯಾ? ಏನು ಗುರುತು ತಂದೆ?

ಈಗ ಶಾಲೋಮ್ ಪದಕ್ಕೆ ಬರೋಣ. ವರ್ಷಗಳು ಉರುಳಿದವು. ಬುತ್ತಿ ಹೊತ್ತ ಹುಡುಗ ಅರಸನಾದ. 2 ಸಮುವೇಲ 11 ತೆಗೀರಿ. ವಸಂತಕಾಲ, ಸೈನ್ಯವೆಲ್ಲಾ ಯುದ್ಧಕ್ಕೆ ಹೋಗಿದೆ, ದಾವೀದ ಮಾತ್ರ ಯೆರೂಸಲೇಮಿನಲ್ಲಿ ಉಳಿದ. ಊರೀಯ ಅನ್ನೋ ಸೈನಿಕ ಯುದ್ಧಭೂಮಿಯಲ್ಲಿ, ಅವನ ಹೆಂಡತಿ ಮನೆಯಲ್ಲಿ. ಆಮೇಲೆ ಏನಾಯ್ತು ನಿಮಗೆ ಗೊತ್ತು. ಪಾಪ ಮುಚ್ಚಿಡೋಕೆ ಅರಸ ಊರೀಯನನ್ನ ಕರೆಸ್ತಾನೆ. ಕರೆಸಿ ಏನು ಕೇಳ್ತಾನೆ? ಏಳನೇ ವಚನ. ಯೋವಾಬ ಕ್ಷೇಮವಾ, ಜನರು ಕ್ಷೇಮವಾ, ಯುದ್ಧ ಹೇಗೆ ನಡೀತಿದೆ? ಅದೇ ಶಾಲೋಮ್! ಒಂದೇ ವಚನದಲ್ಲಿ ಮೂರು ಸಲ. ಮನೆಗೆ ಹೋಗಿ ಕಾಲು ತೊಳ್ಕೋ ಅಂತ ಕಳಿಸಿ, ಅವನ ಹಿಂದೆಯೇ ಅರಮನೆಯಿಂದ ಊಟದ ಉಡುಗೊರೆಯನ್ನೂ ಕಳಿಸ್ತಾನೆ.

ನೋಡಿದ್ರಾ? ಅದೇ ಮನುಷ್ಯ. ಅದೇ ಕ್ಷೇಮ ವಿಚಾರಣೆ. ಅದೇ, ಸೈನಿಕನಿಗೆ ಊಟ. ಹುಡುಗನಾಗಿದ್ದಾಗ ಹೊತ್ತಿದ್ದು ರೊಟ್ಟಿ, ಹುರಿದ ಕಾಳು. ಅರಸನಾದಾಗ ಕಳಿಸಿದ್ದು ರಾಜಭೋಜನ. ಎರಡನೆಯದರ ಒಳಗೆ ವಿಷ ಇರಲಿಲ್ಲ, ಆದ್ರೆ ಲೆಕ್ಕಾಚಾರ ಇತ್ತು. ಊರೀಯ ಆ ಊಟದ ಹತ್ರ ಹೋಗಲಿಲ್ಲ. ಜೊತೆಗಾರರು ಬಯಲಲ್ಲಿ ಮಲಗಿರುವಾಗ ನಾನು ಮನೆಗೆ ಹೋಗಿ ಸುಖವಾಗಿರಲಾ ಅಂತ ಅರಮನೆ ಬಾಗಿಲಲ್ಲೇ ಮಲಗಿದ. ಕೊನೆಗೆ ತನ್ನ ಸಾವಿನ ಕಾಗದವನ್ನ ತನ್ನ ಕೈಯಲ್ಲೇ ಹೊತ್ತುಕೊಂಡು ಹೋದ. ಬೈಬಲ್ಲಿನಲ್ಲಿ ನನಗೆ ಓದೋಕೆ ಕಷ್ಟ ಆಗೋ ಅಧ್ಯಾಯಗಳಲ್ಲಿ ಇದೊಂದು.

ಹಾಗಾಗಿ ಸೈನಿಕನಿಗೆ ಏನೋ ಕೊಟ್ಟೆ, ಸೆಲ್ಯೂಟ್ ಹೊಡೆದೆ, ವಿಡಿಯೋ ಹಾಕಿದೆ ಅಂದ ಮಾತ್ರಕ್ಕೆ ಅದು ಪ್ರೀತಿ ಆಗಿಬಿಡಲ್ಲ. ಯಾರ ಲಾಭಕ್ಕೆ ಅನ್ನೋದನ್ನ ನೋಡ್ಬೇಕು. ಸೈನಿಕನ ಹೆಸರು ಹೇಳಿ ಓಟು ಕೇಳೋರಿದ್ದಾರೆ. ಸೈನಿಕನ ಹೆಸರು ಹೇಳಿ ವಾಟ್ಸಾಪ್ ಗ್ರೂಪಲ್ಲಿ ಎದುರಿನವನ ಬಾಯಿ ಮುಚ್ಚಿಸೋರಿದ್ದಾರೆ. ನಮ್ಮೂರ ಕಡೆ ಇನ್ನೂ ಸರಳ. ರಜೆಗೆ ಬಂದವನು ಬಸ್ಸಿಳಿದು ಊರ ಬಾಗಿಲಿಗೆ ಬರ್ತಿದ್ದ ಹಾಗೇ ಕೇಳೋ ಮೊದಲ ಪ್ರಶ್ನೆ: "ಏನ್ಲಾ ಮಗ, ಬಾಟ್ಲು ತಂದ್ಯಾ?" ಎರಡನೇದು, "ಕ್ಯಾಂಟೀನಲ್ಲಿ ಫ್ರಿಜ್ಜು ಎಷ್ಟ್ಗೆ ಸಿಗ್ತದೆ, ನಂಗೊಂದು ಕೊಡ್ಸು." ನಗ್ತಿದ್ದೀರಾ? ನಿಮ್ಮ ಮಾವಂದಿರು ನೆನಪಾದ್ರು, ಅಲ್ವಾ! ಇಷಯ ಬುತ್ತಿ ಹೊರಿಸಿ ಕಳಿಸಿದ, ನಾವು ಅವನ ಬ್ಯಾಗಿಗೇ ಕೈ ಹಾಕ್ತೀವಿ.

ನಗರದ ಯುವಕರಿಗೆ ಬಾಟ್ಲು ಬೇಡ, ಕಥೆ ಬೇಕು. "ಅಣ್ಣ, ನೀವು ಎಷ್ಟು ಜನರನ್ನ ಹೊಡೆದಿದ್ದೀರಾ?" ಅಂತ ಕೇಳ್ತಾರೆ. ದಯವಿಟ್ಟು ಇದನ್ನ ಯಾರನ್ನೂ ಕೇಳಬೇಡಿ. ಅದು ಸಿನಿಮಾ ಅಲ್ಲ. ಅವರು ನೋಡಿರೋದನ್ನ ಹೇಳಬೇಕು ಅನ್ನಿಸಿದಾಗ ಅವರೇ ಹೇಳ್ತಾರೆ, ಅನ್ನಿಸದಿದ್ರೆ ಇಲ್ಲ. ಎಲ್ಲಿ ಪೋಸ್ಟಿಂಗ್ ಅಂತ ಕೆದಕಬೇಡಿ, ಹೇಳಿದ್ರೂ ಅದನ್ನ ಟ್ಯಾಗ್ ಮಾಡಿ ಹಾಕಬೇಡಿ. ಊಟ ಆಯ್ತಾ, ಮನೆಯಲ್ಲಿ ಎಲ್ಲಾ ಹೇಗಿದ್ದಾರೆ, ರಜೆ ಎಷ್ಟು ದಿನ? ಇಷ್ಟು ಸಾಕು. ಇದೇ ಶಾಲೋಮ್.

ಇನ್ನೊಂದು ವಿಷಯ, ಎಲೀಯಾಬನದು. 28ನೇ ವಚನ. ಅಷ್ಟು ದೂರದಿಂದ ಬುತ್ತಿ ತಂದ ತಮ್ಮನಿಗೆ ಅವನು ಥ್ಯಾಂಕ್ಸ್ ಹೇಳ್ತಾನಾ? ಸಿಟ್ಟಾಗಿ ಬೈತಾನೆ. ಇಲ್ಲಿಗ್ಯಾಕೆ ಬಂದೆ, ಆ ನಾಲ್ಕು ಕುರಿಗಳನ್ನ ಯಾರ ಹತ್ರ ಬಿಟ್ಟೆ, ನಿನ್ನ ಸೊಕ್ಕು ನನಗೆ ಗೊತ್ತಿಲ್ವಾ ಅಂತಾನೆ. ಪ್ರಸಂಗಿಗಳು ಎಲೀಯಾಬನಿಗೆ ಹೊಟ್ಟೆಕಿಚ್ಚು ಅಂತ ಹೇಳ್ತಾರೆ. ಇರಬಹುದು. ಆದ್ರೆ 16ನೇ ವಚನ ಓದಿ. ನಲವತ್ತು ದಿನ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಆ ದೈತ್ಯ ಬಂದು ಬೈದು ಹೋಗ್ತಿದ್ದ. ಎಂಬತ್ತು ಸಲ ಅವಮಾನ ನುಂಗಿಕೊಂಡು, ಇವತ್ತು ಸಾಯ್ತೀನಾ ನಾಳೆ ಸಾಯ್ತೀನಾ ಅಂತ ನಿಂತ ಮನುಷ್ಯ ಅವನು. ಅವನ ಬಾಯಿಂದ ಮೃದು ಮಾತು ಎಲ್ಲಿಂದ ಬರಬೇಕು? ರಜೆಗೆ ಬಂದ ನಿಮ್ಮ ಅಣ್ಣ ಸಣ್ಣದಕ್ಕೂ ರೇಗಿದ್ರೆ, ರಾತ್ರಿ ನಿದ್ದೆ ಮಾಡದಿದ್ರೆ, ಮದುವೆ ಮನೆ ಗಲಾಟೆಯಿಂದ ಎದ್ದು ಹೋದ್ರೆ, "ಮಿಲಿಟ್ರಿಗೆ ಹೋಗಿ ಜಂಭ ಬಂದಿದೆ" ಅನ್ನಬೇಡಿ. ದಾವೀದ ಬೈಗುಳ ಕೇಳಿ ರೊಟ್ಟಿ ವಾಪಸ್ ತಗೊಂಡು ಹೋಗಲಿಲ್ಲ.

ಕೆಲವರಿಗೆ ಒಳಗೊಳಗೇ ಒಂದು ಪ್ರಶ್ನೆ ಇರುತ್ತೆ, ಅದನ್ನ ತಪ್ಪಿಸಿಕೊಂಡು ಹೋಗೋದು ನ್ಯಾಯ ಅಲ್ಲ. ನಾವು ಸಮಾಧಾನದ ಪ್ರಭುವಿನ ಜನ. ಶತ್ರುಗಳನ್ನ ಪ್ರೀತಿಸಿ ಅಂದವನ ಶಿಷ್ಯರು. ಬಂದೂಕು ಹಿಡಿದವರ ಬಗ್ಗೆ ಹೀಗೆ ಮಾತಾಡಬಹುದಾ? ನೋಡಿ, ಸೈನಿಕನಿಗೆ ಅನ್ನ ಕೊಡೋದು ಯುದ್ಧಕ್ಕೆ ಜೈ ಅನ್ನೋದಲ್ಲ. ಗಡಿಯ ಆ ಕಡೆಯೂ ಒಬ್ಬ ತಾಯಿ ಹಿಟ್ಟು ಹುರೀತಾಳೆ, ಅವಳ ಕಣ್ಣೀರನ್ನೂ ಕರ್ತನು ಎಣಿಸ್ತಾನೆ. ಲೂಕ 3:14ರಲ್ಲಿ ಸಿಪಾಯಿಗಳು ಸ್ನಾನಿಕನಾದ ಯೋಹಾನನ ಹತ್ರ ಬಂದು ನಾವೇನು ಮಾಡಬೇಕು ಅಂತ ಕೇಳ್ತಾರೆ. ಯೋಹಾನ ಅವರನ್ನ ಹೊಗಳಲಿಲ್ಲ, ಓಡಿಸಲೂ ಇಲ್ಲ. ಯಾರನ್ನೂ ಬೆದರಿಸಿ ದೋಚಬೇಡಿ, ಸಂಬಳ ಸಾಕು ಅಂದ್ಕೊಳ್ಳಿ ಅಂದ. ಮುಖಸ್ತುತಿ ಇಲ್ಲದೆ ಗೌರವ ಕೊಡೋದು ಹೇಗೆ ಅಂತ ಅಲ್ಲಿ ಕಲೀಬಹುದು. ಯೇಸು ಸ್ವಾಮಿಯಂತೂ ತನ್ನ ದೇಶವನ್ನೇ ಆಳ್ತಿದ್ದ ರೋಮ್ ಸೈನ್ಯದ ಶತಾಧಿಪತಿಯ ಆಳನ್ನ ಗುಣಪಡಿಸಿ, ಇಷ್ಟು ನಂಬಿಕೆ ಇಸ್ರಾಯೇಲಿನಲ್ಲೂ ಕಾಣಲಿಲ್ಲ ಅಂತ ಆಶ್ಚರ್ಯಪಟ್ಟನು.

ನಾವು ಪೆಂಟೆಕೋಸ್ಟ್ ಸಭೆಯವರು, ಅಪೊಸ್ತಲರ ಕೃತ್ಯಗಳು 10 ಅಂದ್ರೆ ನಮಗೆ ಪ್ರಾಣ. ಕೊರ್ನೇಲ್ಯನ ಮನೆಯಲ್ಲಿ ಅನ್ಯಜನರ ಮೇಲೆ ಪವಿತ್ರಾತ್ಮ ಸುರಿಸಲ್ಪಟ್ಟ ದಿನ. ಅನ್ಯಭಾಷೆಗಳಲ್ಲಿ ಮಾತಾಡಿದ್ರು, ದೇವರನ್ನ ಕೊಂಡಾಡಿದ್ರು. ಹಲ್ಲೆಲೂಯಾ! ನೀವೂ ನಾನೂ ಇವತ್ತು ಈ ಹೊಳೆ ದಂಡೆಯಲ್ಲಿ ಕೂತು ಸ್ತೋತ್ರ ಹೇಳ್ತಿರೋದಕ್ಕೆ ಆ ದಿನವೇ ಬಾಗಿಲು. ಕೊರ್ನೇಲ್ಯ ಯಾರು? ಸೈನಿಕ. ಕೈಸರೈಯದಲ್ಲಿದ್ದ ಇತಾಲ್ಯದ ಪಟಾಲಮಿನ ಶತಾಧಿಪತಿ. ಅವನು ಪೇತ್ರನನ್ನ ಕರೆತರೋಕೆ ಇಬ್ಬರು ಮನೆಯಾಳುಗಳನ್ನ, ಜೊತೆಗೆ ದೈವಭಕ್ತನಾದ ಒಬ್ಬ ಸಿಪಾಯಿಯನ್ನ ಯೊಪ್ಪಕ್ಕೆ ಕಳಿಸಿದ. ಸುಮಾರು 50 ಕಿಲೋಮೀಟರ್ ದಾರಿ. ಮರುದಿನ ಮಧ್ಯಾಹ್ನ ಆ ಮೂವರು ಸಮುದ್ರದ ಹತ್ರ ಇದ್ದ ಚರ್ಮಕಾರ ಸೀಮೋನನ ಮನೆ ಬಾಗಿಲಲ್ಲಿ ನಿಂತು ಕೂಗ್ತಾರೆ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ್ರು. ಯೆಹೂದ್ಯರ ಮನೆ, ಬರಬಹುದೋ ಇಲ್ವೋ ಗೊತ್ತಿಲ್ಲ.

23ನೇ ವಚನ ನಾವು ಯಾವಾಗಲೂ ಹಾರಿಸಿಬಿಡ್ತೀವಿ. ಪೇತ್ರ ಅವರನ್ನ ಒಳಗೆ ಕರೆದು ಉಪಚರಿಸಿ ಉಳಿಸಿಕೊಂಡ. ಆ ರಾತ್ರಿ ಒಬ್ಬ ರೋಮ್ ಸಿಪಾಯಿ ಅಪೊಸ್ತಲನಿದ್ದ ಮನೆಯಲ್ಲಿ ಉಂಡು ಮಲಗಿದ. ಕೊರ್ನೇಲ್ಯನ ಮನೆಯಲ್ಲಿ ಅಭಿಷೇಕ ಇಳಿದಿದ್ದು ಅದಾದ ಮೇಲೆ. ಸಂಶಯಪಡದೆ ಇವರ ಸಂಗಡ ಹೋಗು ಅಂತ ಆತ್ಮನು ಪೇತ್ರನಿಗೆ ಹೇಳಿದ ಮಾತಿಗೆ ಪೇತ್ರ ತೋರಿಸಿದ ಮೊದಲ ವಿಧೇಯತೆ ಪ್ರಸಂಗವೂ ಅಲ್ಲ, ದೀಕ್ಷಾಸ್ನಾನವೂ ಅಲ್ಲ. ದಣಿದು ಬಂದ ಸಿಪಾಯಿಗೆ ಒಂದು ಚಾಪೆ, ಒಂದು ಹೊತ್ತಿನ ಊಟ. ಪವಿತ್ರಾತ್ಮ ತುಂಬಬೇಕು ಅಂತ ರಾತ್ರಿಯೆಲ್ಲಾ ಪ್ರಾರ್ಥಿಸ್ತೀವಿ, ಚೆನ್ನಾಗಿದೆ, ಮಾಡೋಣ. ಬಾಗಿಲಲ್ಲಿ ಯಾರಾದ್ರೂ ನಿಂತು ಕೂಗ್ತಿದ್ದಾರಾ ಅಂತಲೂ ಕಿವಿ ಕೊಡೋಣ.

ಬೆಂಗಳೂರಿನಲ್ಲಿ ಅವರು ಬಾಗಿಲಲ್ಲೇ ಇದ್ದಾರೆ. ಹಲಸೂರಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್, ಜಾಲಹಳ್ಳಿ, ಯಲಹಂಕದಲ್ಲಿ ವಾಯುಪಡೆ, ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಕಮಾಂಡ್ ಹಾಸ್ಪಿಟಲ್. ಜೆ.ಸಿ. ನಗರದಲ್ಲಿ ಮೈಸೂರು ಲಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕಾಗಿ ಕುದುರೆ ಮೇಲೆ ಹೋರಾಡಿದವರು. ಹೈಫಾ ಇರೋದು ಎಲ್ಲಿ ಗೊತ್ತಾ? ಎಲೀಯ ಪ್ರವಾದಿ ಆಕಾಶದಿಂದ ಬೆಂಕಿ ಇಳಿಸಿದ ಕರ್ಮೆಲ್ ಬೆಟ್ಟದ ಬುಡದಲ್ಲಿ. ನಮ್ಮ ಮೈಸೂರು ಸಂಸ್ಥಾನದ ಸವಾರರು ಆ ಬೆಟ್ಟ ಹತ್ತಿದ್ದಾರೆ! ಇಸ್ರೇಲ್ ಟೂರಿಗೆ ಲಕ್ಷ ರೂಪಾಯಿ ಕಟ್ಟೋ ಮೊದಲು ಬಸ್ಸಲ್ಲಿ ಹೋಗಿ ಆ ಸ್ಮಾರಕ ನೋಡ್ಕೊಂಡು ಬನ್ನಿ. ಇರಲಿ.

ಹಾಗೇ ನಿಮ್ಮ ಅಪಾರ್ಟ್‌ಮೆಂಟ್ ಗೇಟಲ್ಲಿ, ಟೆಕ್ ಪಾರ್ಕಿನಲ್ಲಿ ಬೆನ್ನು ನೆಟ್ಟಗೆ ನಿಲ್ಲಿಸಿಕೊಂಡು ನಿಂತಿರೋ ಸೆಕ್ಯುರಿಟಿ ಅಂಕಲ್‌ಗಳಲ್ಲಿ ಮಾಜಿ ಸೈನಿಕರು ಎಷ್ಟೋ ಜನ. ದಿನಾ ಕಾರ್ಡ್ ತೋರಿಸಿ ಹೋಗ್ತೀರಿ. ಅವರ ಹೆಸರು ಗೊತ್ತಾ? ಯಾವ ರೆಜಿಮೆಂಟ್ ಅಂತ ಒಂದ್ಸಲ ಕೇಳಿ. ಮುಖ ಹೇಗೆ ಅರಳುತ್ತೆ ನೋಡಿ.

2022ರಿಂದ ಅಗ್ನಿವೀರರು ಅಂತ ಬಂದಿದ್ದಾರೆ. ಹದಿನೇಳೂವರೆ ವರ್ಷದಿಂದಲೇ ಸೇರೋರು, ನಿಮ್ಮ ತಮ್ಮಂದಿರ ವಯಸ್ಸು. ನಾಲ್ಕು ವರ್ಷ ಆದ ಮೇಲೆ ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನ ಉಳಿಸಿಕೊಳ್ತಾರೆ. ಉಳಿದವರು ಊರಿಗೆ ಬರ್ತಾರೆ, ಕೈಯಲ್ಲಿ ಸ್ವಲ್ಪ ಹಣ, ಮುಂದೆ ಇಡೀ ಆಯುಷ್ಯ. ಇಲ್ಲಿ ಕೂತಿರೋರಲ್ಲಿ ಅರ್ಧ ಜನ ಐಟಿಯಲ್ಲಿದ್ದೀರಿ. ಒಂದು ರೆಸ್ಯೂಮೆ ಬರೆದುಕೊಡೋಕೆ, ಇಂಟರ್‌ವ್ಯೂಗೆ ತಯಾರು ಮಾಡೋಕೆ ನಿಮಗೆ ಎಷ್ಟು ಹೊತ್ತು ಬೇಕು? ಒಂದು ಶನಿವಾರ. ಇದು ನಿಮ್ಮ ಏಫಾ.

ಕಾಗದ ಬರೀರಿ. ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಕೊನೆಗೆ 56 ಎಪಿಒ ಅಥವಾ 99 ಎಪಿಒ. ಊರಿನ ಹೆಸರೇ ಇಲ್ಲದ ವಿಳಾಸ, ಮಾಮೂಲಿ ಅಂಚೆ ಚೀಟಿ ಹಚ್ಚಿದ್ರೆ ಸಾಕು, ಮಂಜಿನ ಬೆಟ್ಟಕ್ಕೂ ಹೋಗುತ್ತೆ. ಇನ್ನು ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೀತಿದೆ. ಆ ಚಿಕ್ಕ ಬಾವುಟಕ್ಕೆ ಕೊಟ್ಟ ಹಣ ಯುದ್ಧದಲ್ಲಿ ಅಂಗ ಕಳ್ಕೊಂಡವರಿಗೆ, ವಿಧವೆಯರಿಗೆ, ಮಾಜಿ ಸೈನಿಕರಿಗೆ ಹೋಗುತ್ತೆ. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇರುತ್ತೆ. ಕೊಡಬೇಕು ಅನ್ನಿಸಿದವರು ಅಲ್ಲಿಗೇ ಕೊಡಿ, ಫಾರ್ವರ್ಡ್ ಆಗಿ ಬಂದ ಯಾವುದೋ ನಂಬರ್‌ಗೆ ಕಳಿಸಬೇಡಿ.

ಸಂಜೆ ಮೆಳ್ಳಹಳ್ಳಿ ಹತ್ರ ಬಸ್ ಐದು ನಿಮಿಷ ನಿಲ್ಲಿಸ್ತೀವಿ. ಇಳಿದು ಸುಮ್ಮನೆ ನಿಲ್ಲೋಣ. ಸೆಲ್ಫಿ ಬೇಡ, ಘೋಷಣೆ ಬೇಡ, ರಸ್ತೆ ದಾಟುವಾಗ ಹುಷಾರು.

ಈಗ ವಾಲಂಟಿಯರ್ಸ್ ಒಂದೊಂದು ಚೀಟಿ ಕೊಡ್ತಾರೆ. ಒಂದೇ ಹೆಸರು ಬರೀರಿ. ಅಣ್ಣ ಇರಬಹುದು, ಕ್ಲಾಸ್‌ಮೇಟ್ ಇರಬಹುದು, ಯಾರದೋ ಹೆಂಡತಿ, ಯಾರದೋ ತಾಯಿ ಇರಬಹುದು. ಹೆಸರು ಗೊತ್ತಿಲ್ದೇ ಇದ್ರೆ "ನಮ್ಮ ಗೇಟಿನ ಅಂಕಲ್" ಅಂತ ಬರೀರಿ, ಸೋಮವಾರ ಹೆಸರು ಕೇಳಿ ತುಂಬಿ. ಕೆಳಗೆ ಈ ವಾರ ಮಾಡೋ ಒಂದು ಕೆಲಸ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಕೇಳ್ತೀನಿ, ಏನು ಗುರುತು ತಂದ್ರಿ ಅಂತ. ತಪ್ಪಿಸಿಕೊಳ್ಳೋ ಹಾಗಿಲ್ಲ.

ಬರೆದಾಯ್ತಾ? ಎದ್ದು ನಿಲ್ಲೋಣ. ಆ ಚೀಟಿ ಕೈಯಲ್ಲಿ ಹಿಡ್ಕೊಳ್ಳಿ.

ಪರಲೋಕದ ತಂದೆಯೇ, ಈ ಚೀಟಿಗಳಲ್ಲಿರುವ ಒಂದೊಂದು ಹೆಸರೂ ನಿನಗೆ ಗೊತ್ತು. ಈ ಹೊತ್ತು ಅವರು ಎಲ್ಲಿ ನಿಂತಿದ್ದಾರೆ ಅಂತ ನಮಗೆ ತಿಳಿಯದು, ನಿನಗೆ ತಿಳಿದಿದೆ. ಚಳಿಯಲ್ಲಿರುವವರನ್ನು ಕಾಪಾಡು, ನಿದ್ದೆ ಬಾರದವರಿಗೆ ನಿದ್ದೆ ಕೊಡು. ಅವರ ಕೈಯಿಂದ ಅನ್ಯಾಯ ನಡೆಯದಂತೆ ತಡೆ, ಅವರ ಮೇಲೆ ಅನ್ಯಾಯ ಬಾರದಂತೆ ತಡೆ. ಮಗನ ಫೋನಿಗಾಗಿ ಕಾದಿರುವ ತಾಯಂದಿರನ್ನು ನೆನಪುಮಾಡಿಕೋ. ಮೆಳ್ಳಹಳ್ಳಿಯಲ್ಲಿ, ಬೆಟದೂರಿನಲ್ಲಿ ಮಗನಿಗೆ ಕೊನೆಯ ವಿದಾಯ ಹೇಳಿದ ಮನೆಗಳನ್ನು ನೆನಪುಮಾಡಿಕೋ. ನಮ್ಮ ಕಾಲುಗಳನ್ನು ಎಬ್ಬಿಸು ಕರ್ತನೇ, ನಾವು ಹೋಗುವಂತೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.